ಮಾವಶಿಗೆ ಜ್ವರ ಬಂದ ಸಂಜೆ

ಪರೀಕ್ಷೆ ನಡೆಸುವಾಕೆ ಅಂಧೇರಿಯಿಂದ ಬರುವ ಲೋಕಲ್ ರೈಲು ಮಳೆಯಲ್ಲಿ ಸಿಕ್ಕಿಕೊಳ್ಳಬಹುದಿತ್ತು. ಬಂದರೂ ಆಕೆಗೆ ನನ್ನ ಮುಖ ಕಂಡರೆ ಆಗದಿರಬಹುದಿತ್ತು. ನನ್ನ ತಲೆಯ ಮೇಲಿನ ಟೋಪಿ ಬಿಸಿನೀರಿನ ಬೋಗುಣಿಗೆ ಬೀಳಬಹುದಿತ್ತು. ಥರ್ಮಾಮೀಟರ್ ಒಡೆದು ಪಾದರಸ ಮಂಚದಡಿಗೆ ಉರುಳಬಹುದಿತ್ತು. ನಾಡಿ ಸಿಗದೆ ಹೋಗಬಹುದಿತ್ತು. ಸಿಕ್ಕರೂ ಅದು ರೋಗಿಯದಲ್ಲದೆ ನನ್ನದೇ ಆಗಿರಬಹುದಿತ್ತು. ನನ್ನ ಕೈ ನಡುಗುವುದನ್ನು ಕಂಡ ರೋಗಿ ಮಂಚದಿಂದಿಳಿದು ಮನೆಗೆ ನಡೆಯಬಹುದಿತ್ತು. ನರ್ಸಿಂಗ್ ಮೊದಲ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಇಷ್ಟನ್ನೂ ನಾನು ಊಹಿಸಿ ಮುಗಿಸಿದ್ದೆ. ನಿಜವಾಗಿ ಆದದ್ದು ಮಾತ್ರ ನನ್ನ ಊಹೆಯೊಳಗೆ ಇರಲಿಲ್ಲ.

ಬೇರೆಯವರು ಇಂಥ ಕಥೆ ಹೇಳಿದಾಗ ನಾನು ನಂಬುತ್ತಿರಲಿಲ್ಲ. ಅದು ಧೈರ್ಯವಲ್ಲ. ಪರೀಕ್ಷೆ, ಟೈಫಾಯ್ಡ್, ಅಮ್ಮ, ಇಷ್ಟಕ್ಕೆ ಹೆದರುವಷ್ಟರಲ್ಲಿ ದಿನ ಕಳೆದುಹೋಗುತ್ತಿತ್ತು, ದೆವ್ವಗಳ ಸರದಿಯೇ ಬರುತ್ತಿರಲಿಲ್ಲ. ನೀವೂ ನಂಬಬೇಕೆಂಬ ಒತ್ತಾಯ ನನ್ನದಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಐವತ್ತರ ದಶಕದ ಮಾತು. ಅಪ್ಪ ಉಡುಪಿಯಿಂದ ಬಂದು ಬೈಕುಲ್ಲಾದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ನನ್ನದು ಆಸ್ಪತ್ರೆಯ ಹಾಸ್ಟೆಲಿನಲ್ಲಿದ್ದುಕೊಂಡು ಮಾಡುವ ತರಬೇತಿ. ಡಿಗ್ರಿ ಸಿಕ್ಕಿದ್ದು ಎಷ್ಟೋ ಕಾಲದ ಮೇಲೆ. ಅಪ್ಪ ಮಾತ್ರ ಕಾಫಿಗೆ ಬಂದವರಿಗೆಲ್ಲ ಮಗಳು ಯೂನಿವರ್ಸಿಟಿಯಲ್ಲಿದ್ದಾಳೆ ಎಂದು ಆಗಲೇ ಹೇಳಿಯಾಗಿತ್ತು. ಕಂಡಕಂಡವರ ಮೈ ಮುಟ್ಟುವ ಕೆಲಸ ನಮ್ಮ ಮನೆಯ ಹುಡುಗಿಗೆ ಯಾಕೆಂದು ಅಮ್ಮ ಊರಿನಲ್ಲೊಂದು ಗಂಡನ್ನು ಗೊತ್ತುಮಾಡಿ ಕಾಯುತ್ತಿದ್ದರು. "ಒಂದು ಪರೀಕ್ಷೆ ಆಗ್ಲಿ ಮಾರಾಯ್ತಿ, ಮತ್ತೆ ನೋಡುವ" ಎಂದು ಅಪ್ಪ ತಡೆದಿದ್ದರು. ಅಂದರೆ ಫೇಲಾದರೆ ನಾನು ನೇರ ಮದುವೆ ಚಪ್ಪರಕ್ಕೆ.

ಫೇಲಾಗುವ ಲಕ್ಷಣ ಚೆನ್ನಾಗಿಯೇ ಇತ್ತು. ಪುಸ್ತಕದ ಓದಿನಲ್ಲಿ ನಾನು ಹಿಂದಿರಲಿಲ್ಲ. ಆದರೆ ಜೀವವಿರುವ ಮೈ ಮುಟ್ಟಿದೊಡನೆ ನನ್ನ ಕೈ ನಡುಗುತ್ತಿತ್ತು. ಮಲೇರಿಯಾ ಬಂದಿರುವುದು ರೋಗಿಗೋ ನರ್ಸಿಗೋ ಎಂದು ವಾರ್ಡಿನ ಸಿಸ್ಟರ್ ಎಲ್ಲರೆದುರು ಕೇಳಿದ್ದರು.

ಆ ಸಂಜೆ ಉಳಿದವರು ಚಹಾಕ್ಕೆ ಹೋದಾಗ ನಾನೊಬ್ಬಳೇ ಅಭ್ಯಾಸದ ಕೋಣೆಗೆ ಹೋದೆ. ಹೊರಗೆ ಜುಲೈ ತಿಂಗಳ ಮಳೆ. ಅಲ್ಲಿನ ಮಂಚದಲ್ಲಿ ನಮ್ಮ ಗೊಂಬೆ ಮಲಗಿತ್ತು. ಆಳೆತ್ತರದ್ದು, ಮೇಣಬಟ್ಟೆಯ ಮೈ, ಬಣ್ಣ ಬಳಿದ ಮುಖ, ಮೂಗಿನ ತುದಿ ಚಕ್ಕೆಯೆದ್ದದ್ದು. ಮರಾಠಿ ಹುಡುಗಿಯರು ಅದಕ್ಕೆ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಹೆಸರಿಟ್ಟಿದ್ದರು. ಪಾಠದಲ್ಲಿ ಮಾವಶಿಯ ಕಂಕುಳಿಗೆ ಥರ್ಮಾಮೀಟರ್ ಇಡುವುದು, ತೆಗೆದು ನೋಡದೆಯೇ "ನಾರ್ಮಲ್ ಸಿಸ್ಟರ್" ಎನ್ನುವುದು ನಮ್ಮ ರೂಢಿ. ಗೊಂಬೆಗೆ ಬೇರೇನು ಇರಲು ಸಾಧ್ಯ?

ಅಂದು ನಾನು ನೋಡಿದೆ. ನೋಡದೆ ಹೇಳುವ ಚಾಳಿ ನಾಳೆಯೂ ಬಾಯಿಗೆ ಬಂದೀತೆಂಬ ಭಯ. ಪಾದರಸ ನೂರೆರಡಕ್ಕೆ ನಿಂತಿತ್ತು.

ಝಾಡಿಸಿ ಇಳಿಸಿದ್ದು ಸಾಲದೇನೋ ಎಂದುಕೊಂಡು ಭುಜ ನೋಯುವಷ್ಟು ಝಾಡಿಸಿ ಮತ್ತೆ ಇಟ್ಟೆ. ನೂರೆರಡು. ನನ್ನ ಬಾಯಲ್ಲಿಟ್ಟುಕೊಂಡೆ, ನಾರ್ಮಲ್. ದಿಂಬಿನಡಿ ಇಟ್ಟೆ, ಪಾದರಸ ಮಿಸುಕಲಿಲ್ಲ. ಮತ್ತೆ ಮಾವಶಿ. ನೂರೆರಡು. ಹಣೆ ಮುಟ್ಟಿದೆ. ಸುಡುತ್ತಿತ್ತು. ಕೋಣೆಯಲ್ಲಿ ಒಲೆಯಿರಲಿಲ್ಲ, ಸೂರ್ಯನನ್ನು ನಾವು ಕಂಡೇ ವಾರ ಕಳೆದಿತ್ತು.

ಓಡಿಹೋಗಬೇಕಿತ್ತು. ಆದರೆ ಅಷ್ಟು ಜ್ವರ ಬಿಟ್ಟು ಓಡಿಹೋದ ನರ್ಸಿಗೆ ಎಷ್ಟು ಮಾರ್ಕು ಕೊಟ್ಟಾರು ಎಂಬ ಚಿಂತೆ ದೆವ್ವದ ಭಯಕ್ಕಿಂತ ಮೊದಲು ಬಂತು. ಉಗುರುಬೆಚ್ಚಗಿನ ನೀರು ತಂದು, ಬಟ್ಟೆ ಅದ್ದಿ ಗಟ್ಟಿಯಾಗಿ ಹಿಂಡಿ, ಹಣೆ, ಕುತ್ತಿಗೆ, ತೋಳು ಒರೆಸತೊಡಗಿದೆ. "ಸ್ವಲ್ಪ ತಡ್ಕೊಳ್ಳಿ ಮಾವಶಿ, ಈಗ ಇಳೀತದೆ" ಎಂದೂ ಹೇಳಿದೆನೆಂದು ಕಾಣುತ್ತದೆ. ಬಹಳ ಹೊತ್ತಿನ ಮೇಲೆ ನೋಡಿದರೆ ನೂರು. ಇನ್ನಷ್ಟು ಒರೆಸಿದೆ. ಆಮೇಲೆ ಇಟ್ಟಾಗ ಪಾದರಸ ಏರಲೇ ಇಲ್ಲ. ಗೊಂಬೆ ಮತ್ತೆ ಗೊಂಬೆಯಾಗಿತ್ತು. ಆಗಲೇ ನನ್ನ ಕೈಗಳ ಕಡೆ ಗಮನ ಹೋದದ್ದು. ಅವು ನಡುಗುತ್ತಿರಲಿಲ್ಲ.

ಊಟಕ್ಕೆ ಕರೆಯಲು ಬಂದ ಫ್ಲಾವಿಯಾ ಬಾಗಿಲಲ್ಲೇ ನಿಂತಳು. ಮಂಗಳೂರಿನವಳು, ನನ್ನ ಕೋಣೆಯ ಜೊತೆಗಾರ್ತಿ.

"ಗೊಂಬೆಗೆ ಒದ್ದೆಬಟ್ಟೆ ಹಾಕ್ತಿದ್ದೀಯಲ್ಲ, ನಿನ್ನ ತಲೆಗೆ ಯಾರು ಹಾಕುದು?"

"ಜ್ವರ ಇತ್ತು."

ಅವಳು ಬಂದು ಮಾವಶಿಯ ಹಣೆ ಮುಟ್ಟಿದಳು. "ಈಗ ಇಲ್ಲ."

"ಇಳೀತು."

"ಹಾಗಾದ್ರೆ ನೀನು ಪಾಸು. ಬಾ, ಅನ್ನ ತಣ್ಣಗಾಗ್ತದೆ."

ಮರುದಿನ ಲೋಕಲ್ ಸಮಯಕ್ಕೆ ಬಂತು. ಟೋಪಿ ತಲೆಯ ಮೇಲೇ ಇತ್ತು. ನನಗೆ ಸಿಕ್ಕಿದ್ದು ಗಿರಣಿ ಕೆಲಸದ ಒಬ್ಬ ಮುದುಕಿ. ನಾಡಿ ಬೆರಳಿಟ್ಟೊಡನೆ ಸಿಕ್ಕಿತು, ಅವಳದ್ದೇ. ನಾನು ಮೈ ಒರೆಸಿ ಮುಗಿಸುವಷ್ಟರಲ್ಲಿ ಮುದುಕಿಗೆ ನಿದ್ದೆ ಹತ್ತಿತ್ತು. ಫಲಿತಾಂಶ ಬಂದ ದಿನ ಅಪ್ಪ ಹೋಟೆಲಿನಲ್ಲಿ ಯಾರ್‍ಯಾರಿಗೋ ಪುಕ್ಕಟೆ ಕಾಫಿ ಕುಡಿಸಿದರಂತೆ. ಊರಿನ ಗಂಡಿಗೆ ಬೇರೆ ಹೆಣ್ಣು ಸಿಕ್ಕಿತು. ಅಂದಿನಿಂದ ಇಂದಿನವರೆಗೆ ನಾನು ಹೆದರದ ವಿಷಯವಿಲ್ಲ, ಆದರೆ ರೋಗಿಯ ಮೈಮೇಲಿಟ್ಟ ಕೈ ಮತ್ತೆ ನಡುಗಿಲ್ಲ.

ಥರ್ಮಾಮೀಟರ್ ಕೆಟ್ಟಿತ್ತೋ, ನನ್ನ ತಲೆ ಕೆಟ್ಟಿತ್ತೋ, ಎಲ್ಲವನ್ನೂ ಯೋಚಿಸಿದ್ದೇನೆ. ಯೋಚಿಸುವುದು ನನಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಒಂದೂ ಒಪ್ಪಿಗೆಯಾಗಿಲ್ಲ, ಪರೀಕ್ಷೆಯ ದಿನ ಕಂಡ ಒಂದು ಸಣ್ಣ ಸಂಗತಿಯಿಂದಾಗಿ.

ಫ್ಲಾವಿಯಾಳ ಪಾಲಿಗೆ ಮಾವಶಿಯ ಹಾಸು ಬದಲಿಸುವ ಕೆಲಸ ಬಂದಿತ್ತು. ಅವಳು ಗೊಂಬೆಯನ್ನು ಮಗ್ಗುಲಿಗೆ ಹೊರಳಿಸಿದಾಗ ಪರೀಕ್ಷೆ ನಡೆಸುತ್ತಿದ್ದಾಕೆ, ಪೇಷಂಟ್ ಹಾಸಿಗೆ ಒದ್ದೆ ಮಾಡಿಕೊಂಡಿದ್ದಾಳಲ್ಲ ಎಂದು ನಕ್ಕರು. ಎಲ್ಲರೂ ನಕ್ಕರು. "ಹಿಂಡ್ಲಿಕ್ಕೂ ಬರುದಿಲ್ವಾ ನಿಂಗೆ?" ಎಂದು ಫ್ಲಾವಿಯಾ ನನ್ನ ಕಿವಿಯಲ್ಲಿ ಬೈದಳು. ನಾನು ಗಟ್ಟಿಯಾಗಿಯೇ ಹಿಂಡಿದ್ದೆ. ಬೆನ್ನಿನ ಕಡೆಗಂತೂ ಕೈ ಹಾಕಿರಲಿಲ್ಲ. ಬೆವರಿ ಜ್ವರ ಬಿಟ್ಟ ರೋಗಿಯನ್ನು ಹೊರಳಿಸಿದಾಗ ಕಾಣುವ ಹಾಗೆ, ಹಾಸಿನ ಮೇಲೆ ಎರಡು ಭುಜ ಮತ್ತು ಬೆನ್ನಿನ ಆಕಾರದಲ್ಲಿ ಒದ್ದೆಯಾಗಿತ್ತು.