ಸುಬ್ಬಿ ತುಂಬಿಸಿದ ಚಿನ್ನದ ಗುಂಡಿಗಳು

ಅಕ್ಷರ ಸೊಟ್ಟಗಿದ್ದರೆ, ಮಾತು ಅಲ್ಲಲ್ಲಿ ಎಡವಿದ್ದರೆ ಓದುವವರು ಕ್ಷಮಿಸಬೇಕು. ಇದನ್ನು ಬರೆದವಳು ಆರನೇ ತರಗತಿಗೇ ಶಾಲೆ ಬಿಟ್ಟ ಸುಬ್ಬಿ. ಕಥೆಯೂ ಅವಳದೇ. ನಾನು ಎಂದು ಬರೆಯಲು ನಾಚಿಕೆಯಾಗಿ ಅವಳು ಎಂದು ಬರೆದಿದ್ದಾಳೆ.

ಹುದಿಕೇರಿ ಕಡೆಯ ಒಂದು ಕಾಫಿ ತೋಟದ ಲೈನಿನಲ್ಲಿ, ಎಂದರೆ ಕೂಲಿಯವರ ಸಾಲುಮನೆಯಲ್ಲಿ, ಸುಬ್ಬಿ ಮತ್ತು ಅವಳ ಅವ್ವ ಮುತ್ತಮ್ಮ ಇದ್ದರು. ಅವ್ವನಿಗೆ ಸೊಂಟ ಹಿಡಿದು ಕೆಲಸ ನಿಂತಿತ್ತು. ದುಡಿಯುವವರಿಲ್ಲದ ಮನೆಯವರು ಲೈನು ಬಿಡಬೇಕು. ತೋಟದ ಲೆಕ್ಕ ಬರೆಯುವ ರೈಟರು ಬೋಜಪ್ಪನವರು ಸುಬ್ಬಿಗೆ ಒಂದು ಕೆಲಸ ಕೊಟ್ಟು, ಒಪ್ಪವಾಗಿ ಮಾಡಿದರೆ ಕೂಲಿಯವರ ಪಟ್ಟಿಯಲ್ಲಿ ಅವ್ವನ ಜಾಗಕ್ಕೆ ಅವಳ ಹೆಸರು ಬರೆದುಕೊಳ್ಳುವುದಾಗಿ ಹೇಳಿದರು.

ತೋಟದ ಮೇಲಿನ ಗುಡ್ಡದಲ್ಲಿ ಯಾವ ಕಾಲದಲ್ಲೋ ಯಾರೋ ಚಿನ್ನಕ್ಕೆಂದು ತೋಡಿದ ಮೂರು ಗುಂಡಿಗಳಿದ್ದವು, ಎದೆಯುದ್ದ ಆಳ. ಪಕ್ಕದಲ್ಲಿ ಬಿಳಿಕಲ್ಲಿನ ಚೂರುಗಳ ರಾಶಿ, ಕಲ್ಲು ಕುಟ್ಟಿ ಕುಟ್ಟಿ ಕುಳಿಬಿದ್ದ ಒಂದು ಬಂಡೆ. ಅದನ್ನೆಲ್ಲ ಅಳೆದುಕೊಳ್ಳಲು ಮಡಿಕೇರಿಯಿಂದ ಕೊಡಗು ಸರ್ಕಾರದ ಸಾಹೇಬರೊಬ್ಬರು ಬರುವವರಿದ್ದರು. ಕಾಡು ಸವರಿ ಚೊಕ್ಕಟ ಮಾಡು ಎಂದರು ರೈಟರು.

ಸವರಿದ್ದನ್ನು ಎಲ್ಲಿ ಹಾಕಬೇಕೆಂದು ಕೇಳಲು ಸುಬ್ಬಿಗೆ ಬಾಯಿ ಬರಲಿಲ್ಲ. ತೋಟದಲ್ಲಿ ಕಿತ್ತ ಕಳೆ ಹತ್ತಿರದ ಗುಂಡಿಗೆ ಹೋಗುತ್ತದೆ, ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ. ಅವಳು ಚೆನ್ನಾಗಿ ಕಲಿತ ವಿದ್ಯೆ ಅದೊಂದೇ. ಆರು ದಿನ ಲಂಟಾನ, ಮುಳ್ಳು, ತರಗೆಲೆಯನ್ನೆಲ್ಲ ಮೂರೂ ಗುಂಡಿಗೆ ತುರುಕಿ, ಮೇಲೆ ಹತ್ತಿ ತುಳಿದು, ಮಣ್ಣು ಎಳೆದು ಅಂಗಳದಂತೆ ಸಮ ಮಾಡಿದಳು. ಬಂಡೆಯನ್ನು ತೆಂಗಿನ ನಾರಿನಿಂದ ಎರಡು ಸಲ ತಿಕ್ಕಿದಳು. ಇಷ್ಟು ಶ್ರದ್ಧೆಯಿಂದ ಅವಳು ಮಗ್ಗಿಯನ್ನೂ ಕಲಿತಿರಲಿಲ್ಲ.

ಸಾಹೇಬರು ಟೇಪು ಹಿಡಿದು ಬಂದು ಸುತ್ತ ನೋಡಿ, ಗುಂಡಿಗಳು ಎಲ್ಲಿವೆ ಎಂದು ಕೇಳಿದರು. ರೈಟರಿಗೂ ತಿಳಿಯಲಿಲ್ಲ.

"ನೀವ್ ನಿಂತಿರೋದೇ ಒಂದು, ಸ್ವಾಮಿ. ಚೆನ್ನಾಗಿ ತುಂಬ್ಸಿ ತುಳ್ದಿದೀನಿ," ಎಂದಳು ಸುಬ್ಬಿ. ದನಿಯಲ್ಲಿ ಕೊಂಚ ಹೆಮ್ಮೆಯೂ ಇತ್ತು.

ಸಾಹೇಬರು ಪಕ್ಕಕ್ಕೆ ಸರಿದರು. ನೋಡಲು ಬಂದಿದ್ದ ಪಕ್ಕದ ಮನೆಯ ಕಾಳಮ್ಮ, "ಚಿನ್ನ ಎದ್ದು ಓಡ್ಬಾರ್ದು ಅಂತ ಮುಚ್ಚಿದ್ಯೇನೆ?" ಎಂದಳು. ಎಲ್ಲರೂ ನಕ್ಕರು, ರೈಟರನ್ನು ಬಿಟ್ಟು. ಇಂಥವಳ ಹೆಸರು ಬರೆಯಲಾಗದು ಎಂದರು ಅವರು.

ಸುಬ್ಬಿ ರೈಟರ ಮುಂದೆ ಬಂದು ನಿಂತಳು. ಈ ಸಲ ಬಾಯಿ ಬಿಟ್ಟಳು.

"ತುಂಬ್ಸಿದ್ದು ನಾನೇ, ರೈಟ್ರೇ. ನಾನೇ ತೆಗೀತೀನಿ. ಅವ್ವನ್ನ ಲೈನಿಂದ ಕಳಿಸ್ಬೇಡಿ."

ಮುಂದಿನ ಶುಕ್ರವಾರ ಮತ್ತೆ ಬರುತ್ತೇನೆ ಎಂದರು ಸಾಹೇಬರು. ರೈಟರು ಸುಬ್ಬಿಯ ಹೆಸರನ್ನು ಪೆನ್ಸಿಲಿನಲ್ಲಿ ಬರೆದುಕೊಂಡರು. ಅಷ್ಟರೊಳಗೆ ಗುಂಡಿಗಳು ಬರಿದಾದರೆ ಶಾಯಿಯಲ್ಲಿ ಬರೆಯುತ್ತಾರಂತೆ.

ತಾನು ಎಷ್ಟು ಗಟ್ಟಿಯಾಗಿ ತುಳಿದಿದ್ದೆನೆಂದು ಸುಬ್ಬಿಗೆ ತೆಗೆಯುವಾಗ ತಿಳಿಯಿತು. ಎರಡು ದಿನಕ್ಕೆ ಒಂದು ಗುಂಡಿ ಮುಗಿದಿದೆ. ನಾಳೆ ಬೆಳಿಗ್ಗೆ ಅವಳು ಬುಟ್ಟಿ ತೆಗೆದುಕೊಂಡು ಎರಡನೆಯದಕ್ಕೆ ಇಳಿಯುತ್ತಾಳೆ.