ದೊಡ್ಡವ್ವನ ಬಂಡಿ

ಕಳೆದ ವಾರ ಗೋಗಿಯ ದಾರಿಯಲ್ಲಿ ಒಬ್ಬಾತ ಬಂಡಿಯ ಗಾಲಿ ಕಳಚಿಟ್ಟು ಅಚ್ಚಿಗೆ ಕೀಲೆಣ್ಣೆ ಸವರುತ್ತಿದ್ದ. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆಟೋ ನಿಲ್ಲಿಸು ಎಂದೆ.

ಆಗ ನಿಜಾಮನ ಕಾಲ. ನಾನು ಮದುವೆಯಾಗಿ ಶಹಾಪುರಕ್ಕೆ ಬಂದ ಹೊಸದು. ಪಕ್ಕದ ಮನೆಯ ವಿಧವೆಯನ್ನು ಓಣಿಯೆಲ್ಲ ಕಂಬಳಿ ದೊಡ್ಡವ್ವ ಎನ್ನುತ್ತಿತ್ತು. ಕಲ್ಲುಹಾಸಿನ ಮಾಳಿಗೆಯ ಗಟ್ಟಿ ಮನೆಯಿದ್ದರೂ ಅವಳು ಮಲಗುತ್ತಿದ್ದದ್ದು ಅಂಗಳದಲ್ಲಿ, ಎತ್ತಿಲ್ಲದೆ ನಿಂತ ಹಳೆಯ ಬಂಡಿಯ ಕೆಳಗೆ. ಎಲ್ಲಿಗೂ ಹೋಗದ ಆ ಬಂಡಿಗೆ ಪ್ರತಿ ರವಿವಾರ ಕೀಲೆಣ್ಣೆ ಬೇರೆ!

ಹಿಂದೊಮ್ಮೆ ಗಂಡ, ಮಗಳ ಜೊತೆ ಕಂಬಳಿ ಮಾರಲು ದೂರದ ಬಡಗಣ ಸೀಮೆಗೆ ಹೋಗಿದ್ದಳಂತೆ. ಅವರಿಬ್ಬರೂ ಕಲ್ಲಿನ ಛತ್ರದೊಳಗೆ, ಇವಳು ಸರಕು ಕಾಯುತ್ತ ಹೊರಗೆ ಬಾಡಿಗೆ ಬಂಡಿಯ ಕೆಳಗೆ. ನಸುಕಿನಲ್ಲಿ ನೆಲ ನಡುಗಿ ಛತ್ರ ಕುಸಿಯಿತು. ಉರುಳಿದ ಕಲ್ಲುಗಳನ್ನು ಬಂಡಿ ತಡೆಯಿತು. ಉಳಿದವಳು ಇವಳೊಬ್ಬಳೇ.

ಊರಿಗೆ ಮರಳಿದ ಮೇಲೂ ಅನ್ನ ನಿದ್ದೆ ಬಿಟ್ಟು ಅಲೆಯುತ್ತಿದ್ದವಳಿಗೆ ಯಾದಗಿರಿಯಲ್ಲಿ ಒಬ್ಬ ಪಾದ್ರಿಯ ಪ್ರಾರ್ಥನೆ ಕಿವಿಗೆ ಬಿತ್ತು. ದೇವರೇ ನನಗೆ ಬಂಡೆ ಎಂಬ ಸಾಲು. ನಮ್ಮ ಸೀಮೆಯ ಬಾಯಲ್ಲಿ ಮನೆ ಮನಿಯಾಗುತ್ತದೆ, ಬಂಡೆ ಬಂಡಿಯಾಗುತ್ತದೆ. ಅವಳಿಗೆ ಕೇಳಿಸಿದ್ದು ಬಂಡಿ.

“ಆವತ್ತ ನನ್ನ ಮ್ಯಾಲ ಬಂಡಿಯಾಗಿ ನಿಂತಾಂವ ಯಾರಂತ ತಿಳೀತು ತಂಗಿ,” ಎಂದಿದ್ದಳು. ಆ ಸಾಲು ಕೇಳಿದ ವರ್ಷವೇ ಕ್ರೈಸ್ತಳಾದಳು. ಓಣಿಯವರು ಆಡಿಕೊಂಡರು. ಅವಳಿಗೆ ನಿದ್ದೆ ಬಂದಿತ್ತು, ಅಷ್ಟು ಸಾಕಾಗಿತ್ತು.

ಶಾಲೆಯಲ್ಲಿ ಉರ್ದುವೇ ಇದ್ದ ಕಾಲದಲ್ಲಿ ನನಗೆ ಅಪ್ಪ ಮನೆಯಲ್ಲೇ ಕನ್ನಡ ಅಕ್ಷರ ಕಲಿಸಿದ್ದ. ಅದರ ಜಂಬವೂ ಇತ್ತು. ಒಂದು ದಿನ ದೊಡ್ಡವ್ವ, ಪಾದ್ರಿ ಕೊಟ್ಟ ಪ್ರಾರ್ಥನೆಯ ಹಾಳೆ ತಂದು ಓದು ಎಂದಳು. ಓದಿದೆ. ತಿದ್ದಿಯೂ ಬಿಟ್ಟೆ.

“ಬಂಡಿ ಅಲ್ಲ ದೊಡ್ಡವ್ವ, ಬಂಡೆ. ದೊಡ್ಡ ಕಲ್ಲ.”

ಅವಳು ತಲೆಯೆತ್ತಿ ನಮ್ಮ ಮಾಳಿಗೆಯ ಹಾಸುಗಲ್ಲು ನೋಡಿದಳು.

“ನನ್ನ ಮಗಳ ಮ್ಯಾಲ ಬಿದ್ದದ್ದೂ ಕಲ್ಲ ಅಲ್ಲೇನ?”

ನನ್ನ ಓದಿಗಿಷ್ಟು ಬೆಂಕಿ ಬೀಳಲಿ... ಮುಂದಿನ ರವಿವಾರ ಅವಳು ಬಂಡಿಗೆ ಎಣ್ಣೆ ಹಚ್ಚಲಿಲ್ಲ. ಹಾಳೆಯಲ್ಲಿ ಅಚ್ಚು ತಪ್ಪಿದೆ, ಅದು ಬಂಡಿಯೇ ಎಂದು ಹೇಳಿ ನೋಡಿದೆ. ಓದಿದಾಕಿ ಸುಳ್ಳು ಹೇಳಬಾರದು ಎಂದಳು. ಬಂಡೆಯೆಂದರೆ ಬೀಳುವ ಕಲ್ಲಲ್ಲ, ನಿಲ್ಲುವ ನೆಲೆ ಎಂದು ಪಾದ್ರಿ ಬಂದು ವಿವರಿಸಿದರು. ಹೌದ್ರಿ, ಹೌದ್ರಿ ಎಂದು ತಲೆಯಾಡಿಸಿದಳು. ಆದರೆ ಬೆಳಗ್ಗೆ ನಾನು ನೀರು ಚಿಮುಕಿಸಲು ಬಂದಾಗಲೆಲ್ಲ ಬಂಡಿಯ ಕೆಳಗೆ ಕಣ್ಣು ತೆರೆದೇ ಮಲಗಿರುತ್ತಿದ್ದಳು.

ಬೇಸಿಗೆ ಮುಗಿಯುವಷ್ಟರಲ್ಲಿ ಹೋಗಿಬಿಟ್ಟಳು. ಅವಳಿಗಿಷ್ಟದ ಸಾಲೆಂದು ಪಾದ್ರಿಯ ಕಡೆಯವರು ‘ದೇವರೇ ನನಗೆ ಬಂಡೆ’ ಎಂಬುದನ್ನೇ ಕೆತ್ತಿಸಿ ಸಮಾಧಿಯ ಮೇಲೆ ದೊಡ್ಡ ಹಾಸುಗಲ್ಲು ಎಳೆದರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಕಳೆದ ವಾರ ಗೋಗಿ ದಾರಿಯ ಆ ಬಂಡಿಯವನಿಂದ ಒಂದಿಷ್ಟು ಕೀಲೆಣ್ಣೆಯನ್ನು ಎಲೆಯಲ್ಲಿ ಇಸಿದುಕೊಂಡು ಅವಳ ಸಮಾಧಿಗೆ ಹೋದೆ. ಕೆತ್ತಿದ ಅಕ್ಷರಗಳನ್ನು ಕೈಯಿಂದ ತಡವಿ ಹುಡುಕಿದೆ. ಡೆ ಅಕ್ಷರದ ಎತ್ವಕ್ಕೆ ಎಣ್ಣೆ ಮೆತ್ತಿ ಮುಚ್ಚಿ, ಬೆರಳಿನಿಂದಲೇ ಗುಡಿಸು ಎಳೆದೆ. ಬಂಡಿ ಎಂದು ಗಟ್ಟಿಯಾಗಿ ಓದಿದೆ. ಒಂದು ಮಳೆಗೆ ತೊಳೆದು ಹೋಗುತ್ತದೆ, ಗೊತ್ತು. ಕೇಳಲು ದೊಡ್ಡವ್ವ ಇಲ್ಲ.