ಕೈಗೊಪ್ಪಿಸದೆ ಗಾಡಿ ತಿರುಗಿಸದ ಗಾಡಿಯಪ್ಪ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೃದ್ಧರ ಆರೈಕೆ ಕೇಂದ್ರದ ಹಿಂಬಾಗಿಲಲ್ಲಿ ನಿಂತ ಬಿಳಿ ವ್ಯಾನಿನೊಳಗೆ ಮಂಡಿಯೂರಿರುವ ಡ್ರೈವರ್, ಗಾಲಿಕುರ್ಚಿ ಕಟ್ಟುವ ಬೆಲ್ಟುಗಳನ್ನು ಜಗ್ಗಿ ಜಗ್ಗಿ ನೋಡುತ್ತಿದ್ದಾರೆ. ಒಂದು ಕೊಕ್ಕೆ ಸಡಿಲವಾಗಿದೆ. ಅದನ್ನು ಬಿಗಿದು, ತಾವೇ ಕುರ್ಚಿಯಲ್ಲಿ ಕೂತು ಮೈ ಕುಲುಕಿಸುತ್ತಾರೆ. "ನಾನು ಬೀಳ್ಲಿಲ್ಲ ಅಂದ್ರೆ ಅವರೂ ಬೀಳಲ್ಲ," ಎಂದು ನಗುತ್ತಾರೆ. ಇಲ್ಲಿನ ಅಜ್ಜ ಅಜ್ಜಿಯರಿಗೆಲ್ಲ ಇವರು 'ಗಾಡಿಯಪ್ಪ'. ಸ್ವಂತ ಹೆಸರು ಸಂಬಳದ ದಿನ ಮಾತ್ರ ಕಿವಿಗೆ ಬೀಳುತ್ತದಂತೆ.

ಇವತ್ತು ಮನೆಗೆ ಹೊರಟಿರುವವರು ಟೈಲರಮ್ಮ. ಗುಣವಾಗಿ ಹೊರಟವರಲ್ಲ. ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲು ಸ್ವಾಧೀನದಲ್ಲಿಲ್ಲ, ಮಾತು ತೊದಲು. ಒಬ್ಬನೇ ಮಗ, ಬೇಕರಿಯಲ್ಲಿ ರಾತ್ರಿಪಾಳಿ. ಕೇಂದ್ರದ ತಿಂಗಳ ಶುಲ್ಕ ಅವನ ಸಂಬಳವನ್ನೂ ಮೀರುತ್ತದೆ. ಕೂಡಿಟ್ಟದ್ದು ಕರಗಿತು, ಸ್ಕೂಟರ್ ಹೋಯಿತು, ಅಮ್ಮನ ಹೊಲಿಗೆ ಯಂತ್ರವೂ ಹೋಯಿತು. ಮಧ್ಯಾಹ್ನದೊಳಗೆ ಹಾಸಿಗೆ ಬಿಟ್ಟುಕೊಡಬೇಕು.

ಗಾಡಿಯಪ್ಪನವರ ಕೆಲಸವೇನೋ ಸರಳ: ಹತ್ತಿಸು, ಇಳಿಸು, ವಾಪಸ್ ಬಾ. ಆದರೆ ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆಂದು ಗೊತ್ತಾಗದೆ ಇವರು ಯಾರನ್ನೂ ಇಳಿಸುವುದಿಲ್ಲ. ರಜೆಯ ದಿನ ಆ ಬೀದಿಗೆ ಹೋಗಿ ವಿಚಾರಿಸಿಕೊಂಡು ಬರುತ್ತಾರೆ. ಇಂಜೆಕ್ಷನ್ ಕೊಡಬಲ್ಲವರು ಯಾರು, ಹಗಲು ಹೊತ್ತು ಹಿರಿಯರನ್ನು ಕೂರಿಸಿಕೊಳ್ಳುವ ಕೂಟ ಎಲ್ಲಿದೆ, ಮನೆಗೆ ಬಂದು ಸ್ನಾನ ಮಾಡಿಸುವವರು ಸಿಗುತ್ತಾರಾ, ಎಲ್ಲ ಕೇಳುತ್ತಾರೆ. "ಸಹಾಯ ಇರುತ್ತೆ. ಆದ್ರೆ ಅದಕ್ಕೆ ನಮ್ಮ ವಿಳಾಸ ಗೊತ್ತಿರಲ್ಲ," ಎನ್ನುತ್ತಾರೆ.

ಹಿಂದೆ ತರಕಾರಿ ಲಾರಿ ಓಡಿಸುತ್ತಿದ್ದವರಿಗೆ ಈ ಹುಚ್ಚು ಹಿಡಿದದ್ದು ಹೆಂಡತಿಯ ತಂದೆಯಿಂದ. ಮಾವನವರನ್ನು ಇಂಥದೇ ಒಂದು ಕಡೆ ಸೇರಿಸಿ, ಕೈ ಬರಿದಾದ ಮೇಲೆ ಮನೆಗೆ ಕರೆತಂದಿದ್ದರು. ಹೆಂಡತಿ ಕೆಲಸ ಬಿಟ್ಟರು. ಬೆನ್ನಿನ ಹುಣ್ಣು ಕೀವಾದಾಗ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. "ಮಾವ ತೀರ್ಕೊಂಡ ದಿನ ಒಬ್ಬರು ಬಂದು ಕೂತ್ರು. ಮೂವತ್ತು ವರ್ಷ ನರ್ಸ್ ಆಗಿದ್ರಂತೆ. ನಾಲ್ಕೇ ಮನೆ ಆಚೆ! 'ಒಂದು ಮಾತು ಹೇಳಬಾರದಿತ್ತಾ' ಅಂದ್ರು. ನನ್ನ ಹೆಂಡತಿ ಅವತ್ತು ಅತ್ತಿದ್ದು ಅವರಪ್ಪನಿಗಲ್ಲ, ಆ ಮಾತಿಗೆ."

ಟೈಲರಮ್ಮನನ್ನೂ ಮಗನನ್ನೂ ಕೂರಿಸಿಕೊಂಡ ವ್ಯಾನ್ ಅವರ ಮನೆಯ ಇಕ್ಕಟ್ಟಿನ ಬೀದಿಯಲ್ಲಿ ನಿಲ್ಲುತ್ತದೆ. ರಾತ್ರಿ ಜೊತೆಗಿರಲು ಒಪ್ಪಿದ್ದ ಪಕ್ಕದ ಮನೆಯಾಕೆಯ ಬಾಗಿಲಿಗೆ ಬೀಗ. ಫೋನ್ ಮಾಡಿದರೆ, ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು, ಬೆಳಿಗ್ಗೆಯೇ ಹೊರಟು ಬಂದೆ ಎನ್ನುತ್ತಾರೆ. ವಾಪಸ್ ಯಾವಾಗಲೋ ಅವರಿಗೇ ತಿಳಿಯದು.

ಮಗನ ಮುಖ ಬಿಳಿಚಿಕೊಳ್ಳುತ್ತದೆ. "ಅಣ್ಣಾ, ಇವತ್ತು ರಾತ್ರಿಯೂ ಕೆಲಸಕ್ಕೆ ಹೋಗಲಿಲ್ಲ ಅಂದ್ರೆ ನಾಳೆಯಿಂದ ಬರಲೇಬೇಡ ಅಂತಾರೆ."

ಅಷ್ಟರಲ್ಲಿ ಕೇಂದ್ರದ ಮ್ಯಾನೇಜರ್ ಫೋನು. ಡಾಕ್ಟರ ಬಳಿಗೆ ಹೋಗಬೇಕಾದ ಅಜ್ಜ ಒಬ್ಬರು ಕಾಯುತ್ತಿದ್ದಾರೆ, ವ್ಯಾನ್ ಎಲ್ಲಿ? "ಸ್ವಲ್ಪ ಹೊತ್ತು ಸಾರ್," ಎಂದು ಗಾಡಿಯಪ್ಪ ಮೊಬೈಲನ್ನು ಜೇಬಿಗೆ ತುರುಕುತ್ತಾರೆ.

ಕದ ತಟ್ಟುತ್ತಾ ಹೋಗುತ್ತಾರೆ. ಒಂದು ಮನೆಯವರು, "ನಮ್ಮದೇ ನಮಗೆ ಸಾಕಾಗಿದೆಯಪ್ಪ," ಎನ್ನುತ್ತಾರೆ. ಇನ್ನೊಂದು ಕಿಟಕಿಯಲ್ಲಿ ಇಣುಕಿದ ಮುಖ ಪರದೆ ಎಳೆದುಕೊಳ್ಳುತ್ತದೆ. ವ್ಯಾನಿನೊಳಗಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುವ ಟೈಲರಮ್ಮ ಎಡಗೈಯಲ್ಲಿ ಮಗನ ಅಂಗಿ ಹಿಡಿದೆಳೆಯುತ್ತಾರೆ. "ಒ...ಬ್ಬಳೇ... ಇರ್ತೀನಿ. ನೀ... ಹೋಗು." ಮಗ ಮುಖ ಆಚೆ ತಿರುಗಿಸುತ್ತಾನೆ.

ಎದುರುಮನೆಯ ಬಾಗಿಲು ತಾನಾಗಿಯೇ ತೆರೆಯುತ್ತದೆ. ಸೆರಗು ಸಿಕ್ಕಿಸಿಕೊಂಡು ಹೆಂಗಸೊಬ್ಬರು ಹೊರಗೆ ಬರುತ್ತಾರೆ. "ಬೆಳಗಾಗೆದ್ದು ಏನ್ರೀ ಗಲಾಟೆ?"

"ಅವರ ಹತ್ರ ಬೇಡ ಅಣ್ಣಾ," ಎಂದು ಮಗ ಪಿಸುಗುಡುತ್ತಾನೆ. "ಮೋರಿ ನೀರಿನ ವಿಷಯಕ್ಕೆ ಅಮ್ಮನಿಗೂ ಅವರಿಗೂ ಎಷ್ಟೋ ವರ್ಷದಿಂದ ಮಾತಿಲ್ಲ."

ಗಾಡಿಯಪ್ಪ ಆದರೂ ಹೋಗಿ, ಸುತ್ತುಬಳಸದೆ ಇರುವುದನ್ನು ಇದ್ದ ಹಾಗೇ ಹೇಳುತ್ತಾರೆ. ಆಕೆ ವ್ಯಾನಿನತ್ತ ನಡೆದು ಬಾಗಿಲಲ್ಲಿ ಇಣುಕುತ್ತಾರೆ. ಇಬ್ಬರೂ ಹೆಂಗಸರು ಒಬ್ಬರನ್ನೊಬ್ಬರು ನೋಡುತ್ತಲೇ ಇರುತ್ತಾರೆ.

"ಏನೇ, ನನ್ನ ಬೈಯೋ ಬಾಯಿ ಹೀಗಾಗೋಯ್ತಾ?"

ಟೈಲರಮ್ಮನ ಕಣ್ಣು ತುಂಬುತ್ತದೆ. ತುಟಿ ಒಂದು ಕಡೆ ಎಳೆಯುತ್ತದೆ. ಕಷ್ಟಪಟ್ಟು ಮಾತು ಹೊರಡುತ್ತದೆ. "ಮೋ...ರಿ... ನಿಂದೇ ತಪ್ಪು."

ಎಲ್ಲ ಕೆಟ್ಟಿತು ಎಂದುಕೊಂಡ ಗಾಡಿಯಪ್ಪ ಕಣ್ಣು ಮುಚ್ಚುತ್ತಾರೆ.

ಎದುರುಮನೆಯಾಕೆ ಹಣೆ ಚಚ್ಚಿಕೊಂಡು ನಗುತ್ತಾರೆ. "ನೋಡಿದ್ರಾ, ಬುದ್ಧಿ ನೆಟ್ಟಗೇ ಇದೆ! ಇಳಿಸ್ರಪ್ಪ, ಇಳಿಸಿ. ರಾತ್ರಿ ನನ್ನ ಮನೇಲೇ ಮಲಗ್ಲಿ. ಗೋಡೆ ಜೊತೆ ಮಾತಾಡಿ ಮಾತಾಡಿ ನಂಗೂ ಸಾಕಾಗಿದೆ, ಇವಳ ಜೊತೆ ಜಗಳವಾದ್ರೂ ಆಡ್ತೀನಿ."

ಇಳಿಸಿದ ಮೇಲೂ ಗಾಡಿಯಪ್ಪ ಹೊರಡುವುದಿಲ್ಲ. ಹಾಸಿಗೆಯಿಂದ ಕುರ್ಚಿಗೆ ಹೇಗೆ ದಾಟಿಸಬೇಕೆಂದು ತೋರಿಸುತ್ತಾರೆ. "ಕೈ ಹಿಡಿದು ಎಳೀಬೇಡಿ ಅಮ್ಮಾ, ಭುಜ ಕಳಚುತ್ತೆ. ಸೊಂಟಕ್ಕೆ ಕಟ್ಟಿರೋ ಈ ಬೆಲ್ಟ್ ಹಿಡೀರಿ." ತಮ್ಮ ಕಣ್ಣೆದುರೇ ಆಕೆಯಿಂದ ಮಾಡಿಸಿ ನೋಡುತ್ತಾರೆ. ಗ್ರಂಥಾಲಯದ ಹಿಂದಿನ ಸಭಾಂಗಣದಲ್ಲಿ ಹಿರಿಯರ ಕೂಟ ನಡೆಯುತ್ತದೆ, ವ್ಯಾಯಾಮ ಮಾಡಿಸುತ್ತಾರೆ, ದುಡ್ಡು ಕೇಳುವುದಿಲ್ಲ. ಬೆಳಿಗ್ಗೆ ಅಮ್ಮನನ್ನು ಅಲ್ಲಿಗೆ ಬಿಟ್ಟರೆ ನೀನು ಮಲಗಬಹುದು ಎಂದು ಮಗನಿಗೆ ಹೇಳಿ, ಅಲ್ಲಿಯವರ ಜೊತೆ ಫೋನಿನಲ್ಲಿ ಮಾತೂ ಆಡಿಸುತ್ತಾರೆ.

ಕೇಂದ್ರಕ್ಕೆ ಮರಳಿದಾಗ ಬೈಗುಳ ಕಾದಿದೆ. ಡಾಕ್ಟರ ಸರದಿ ತಪ್ಪಿದ ಅಜ್ಜ ಕೋಟು ತೊಟ್ಟುಕೊಂಡೇ ಬೆಂಚಿನ ಮೇಲೆ ತೂಕಡಿಸುತ್ತಿದ್ದಾರೆ. ಗಾಡಿಯಪ್ಪ ಅವರ ಪಕ್ಕ ಕೂತು, "ನಿಮ್ಮನ್ನ ಕಾಯಿಸಿದೆ ಯಜಮಾನ್ರೆ," ಎನ್ನುತ್ತಾರೆ. "ಒಬ್ಬರಿಗೆ ಒಳ್ಳೇದು ಮಾಡೋಕೆ ಹೋಗಿ ಇನ್ನೊಬ್ಬರ ಹೊಟ್ಟೆ ಉರಿಸ್ತೀನಿ. ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ," ಎಂದು ಆಮೇಲೆ ತಗ್ಗಿದ ದನಿಯಲ್ಲಿ ಒಪ್ಪಿಕೊಳ್ಳುತ್ತಾರೆ. ಡಾಕ್ಟರ ಬಳಿ ಸಂಜೆಯ ಸರದಿ ಕೇಳಿ ಪಡೆದು, ಅಜ್ಜನನ್ನು ತಾವೇ ಕರೆದೊಯ್ಯುತ್ತಾರೆ.

ಕೆಲಸ ಮುಗಿದ ಮೇಲೆ ವ್ಯಾನಿನ ನೆಲ ಒರೆಸುತ್ತಾ ನಿಂತವರನ್ನು, ಮುಂದೇನಾಸೆ ಎಂದು ಕೇಳಿದರೆ ಬಟ್ಟೆ ಹಿಂಡುವುದನ್ನು ನಿಲ್ಲಿಸುತ್ತಾರೆ.

"ನನಗೂ ವಯಸ್ಸಾಗುತ್ತೆ. ನನ್ನನ್ನೂ ಒಂದಿನ ಯಾರೋ ಹೀಗೇ ಮನೆಗೆ ಬಿಡೋಕೆ ಬರ್ತಾರೆ. ಅವನು ಸ್ವಲ್ಪ ಹೊತ್ತು ಕಾಯೋನಾಗಿರಲಿ. ಅಷ್ಟೇ."